ಭಾವ ಬದಲಾಯಿಸದ ನಾಲ್ಕು ಪ್ಲಗ್ಗುಗಳು

ನನ್ನ ಗಂಡನ ಅಣ್ಣನನ್ನು ಕಂಡರೆ ನನಗೆ ಆಗುವುದಿಲ್ಲ. ಮೊದಲಿನಿಂದಲೂ ಅಷ್ಟಕ್ಕಷ್ಟೆ, ಆದರೆ ಮಾತು ಪೂರ್ತಿ ನಿಂತದ್ದು ಕಾರಿನ ವಿಷಯದಲ್ಲಿ.

ಭಾವ ಹೊಸ ಕಾರು ತೆಗೆದುಕೊಂಡಾಗ ಹಳೆಯದನ್ನು ನಮಗೆ ದಾಟಿಸಿದರು. ಅಂಗಳದಲ್ಲಿ ಎಲ್ಲರೆದುರು ನನಗೆ ಕೀ ಕೊಡುತ್ತಾ, “ಪ್ಲಗ್ಗು, ಫಿಲ್ಟರು ಎಲ್ಲ ಹೊಸತು ಹಾಕಿಸಿದ್ದೇನೆ. ಇನ್ನು ನೀನು ಹಾಳು ಮಾಡದಿದ್ದರೆ ಆಯಿತು” ಎಂದರು. ಮಸ್ಕತ್ತಿನಿಂದ ರಜೆಯಲ್ಲಿ ಬಂದಿದ್ದ ನನ್ನ ಗಂಡ ನಕ್ಕರು. ನಾನು ನಗಲಿಲ್ಲ.

ನಾನು ಕಲಿಸುವ ಶಾಲೆ ಅಗಲ್ಪಾಡಿಯಲ್ಲಿ, ಮನೆ ಕುಂಬಳೆಯ ಹತ್ತಿರ. ದಿನವೂ ಅದೇ ಕಾರಿನಲ್ಲಿ ಹೋಗಿ ಬರುತ್ತಿದ್ದೆ. ಒಂದು ವರ್ಷ ಕಳೆಯುವಷ್ಟರಲ್ಲಿ ಏರು ಹತ್ತುವಾಗ ಕಾರು ಮುಗ್ಗರಿಸತೊಡಗಿತು. ಬೆಳಿಗ್ಗೆ ಮೂರು ನಾಲ್ಕು ಸಲ ಕೀ ತಿರುಗಿಸದೆ ಎಂಜಿನ್ ಏಳುತ್ತಿರಲಿಲ್ಲ. ಪಕ್ಕದ ಮನೆಯಲ್ಲೇ ಇದ್ದ ಭಾವನಿಗೆ ಹೇಳಿದೆ.

“ಕಾರಿಗೆ ಎಂತದೂ ಆಗಲಿಲ್ಲ” ಎಂದರು. “ನೀನು ಕ್ಲಚ್ಚಿನ ಮೇಲೆ ಕಾಲಿಟ್ಟು ಕೂತರೆ ಅದು ಎಂತ ಮಾಡ್ಲಿಕ್ಕುಂಟು?”

ನಾನು ಅದನ್ನು ನಂಬಿದೆ. ಇವತ್ತಿಗೂ ಮೈ ಉರಿಯುವುದು ಅದಕ್ಕೇ. ಎಷ್ಟೋ ವಾರ ನನ್ನ ಎಡಗಾಲನ್ನೇ ಕಾಯುತ್ತಾ ಗಾಡಿ ಓಡಿಸಿದೆ.

ಅತ್ತೆಯ ಕಣ್ಣಿನ ಪೊರೆಯ ಆಪರೇಶನ್ ಕಾಸರಗೋಡಿನಲ್ಲಿತ್ತು. ಅತ್ತೆ ಹಿಂದಿನ ಸೀಟಿನಲ್ಲಿ, ಭಾವ ನನ್ನ ಪಕ್ಕದಲ್ಲಿ. ಮೊಗ್ರಾಲಿನಲ್ಲಿ ಸರ್ವಿಸ್ ರಸ್ತೆಯಿಂದ ಹೈವೇಗೆ ಏರುವಲ್ಲಿ ಕಾರು ಗಡಗಡ ನಡುಗಿತು. ಮೀಟರಿನ ಹತ್ತಿರ ಎಂಜಿನ್ನಿನ ಹಳದಿ ದೀಪ ಮಿಣುಕತೊಡಗಿತು. ಹಿಂದೆ ಬಸ್ಸೊಂದು ಬಿಡದೆ ಹಾರ್ನ್ ಹೊಡೆಯುತ್ತಿತ್ತು.

“ಗೇರು ಇಳಿಸು! ಇಳಿಸು ಅಂತ ಹೇಳಿದ್ದಲ್ವಾ! ಆಪರೇಶನ್ ಬೇಕಾದ್ದು ಅಮ್ಮನ ಕಣ್ಣಿಗಲ್ಲ, ನಿನ್ನ ಕಣ್ಣಿಗೆ” ಎಂದು ಭಾವ ಕಿರುಚಿ, ಗೇರಿನ ಮೇಲಿದ್ದ ನನ್ನ ಕೈಯನ್ನೇ ಒತ್ತಿ ಹಿಡಿದು ಎಳೆದರು.

ನಾನು ಕಾರನ್ನು ಬದಿಗೆ ತಂದು ನಿಲ್ಲಿಸಿದೆ.

“ಕೈ ತೆಗೆಯಿರಿ. ಇಳಿಯಿರಿ.”

“ಎಂತ?”

“ಕಾರಿನಿಂದ ಇಳಿಯಿರಿ ಭಾವ. ಬಸ್ಸು ಬೇಕಾದಷ್ಟು ಉಂಟು.”

ಅವರು ಹಿಂದೆ ತಿರುಗಿ ತಾಯಿಯ ಮುಖ ನೋಡಿದರು. ಅತ್ತೆ ಕಿಟಕಿಯ ಹೊರಗೆ ನೋಡುತ್ತಾ, “ಇಳಿಯುವುದಾದರೆ ಬೇಗ ಇಳಿ ಮಗಾ. ಡಾಕ್ಟ್ರು ಕಾಯುವುದಿಲ್ಲ” ಎಂದರು.

ಬಾಗಿಲನ್ನು ದಢಾರನೆ ಬಡಿದು ಇಳಿದರು. ನಾವು ಎರಡನೇ ಗೇರಿನಲ್ಲೇ ತೆವಳುತ್ತಾ ಆಸ್ಪತ್ರೆ ಮುಟ್ಟಿದೆವು.

ಮರುದಿನ ಸಂಜೆ ಸೀತಾಂಗೋಳಿಯ ಒಂದು ಗ್ಯಾರೇಜಿನಲ್ಲಿ ಕಾರು ನಿಲ್ಲಿಸಿದೆ. ಮೆಕ್ಯಾನಿಕ್ ನಡುವಯಸ್ಸಿನ ಮನುಷ್ಯ. ಒಂದು ಪ್ಲಗ್ ಬಿಚ್ಚಿ ನನ್ನ ಅಂಗೈಗೆ ಹಾಕಿದ. ಕಿಡಿ ಹಾರುವ ತುದಿ ಸವೆದು ಉರುಟಾಗಿತ್ತು, ಮಧ್ಯದ ಸಂದು ಅಗಲವಾಗಿತ್ತು.

“ಇದು ಕಾರಿನ ಜೊತೆ ಬಂದದ್ದೇ ಟೀಚರೇ. ಮೇಲೆ ಇದಕ್ಕೆ ಕರೆಂಟು ಕೊಡುವ ಕಾಯಿಲ್ ಉಂಟಲ್ಲ, ಅದರ ಬೋಲ್ಟಿಗೆ ಇಷ್ಟರವರೆಗೆ ಸ್ಪ್ಯಾನರೇ ಮುಟ್ಟಲಿಲ್ಲ, ನೋಡಿ. ಸಾದಾ ಪ್ಲಗ್ಗು, ನಲವತ್ತು ಸಾವಿರ ಕಿಲೋಮೀಟರಿನ ಹತ್ತಿರ ಬಂದಾಗ ತೆಗೆಯಬೇಕು. ಇರಿಡಿಯಂ ತುದಿಯ ದುಬಾರಿ ಪ್ಲಗ್ಗಾದರೆ ಲಕ್ಷದ ಹತ್ತಿರ ಹೋಗ್ತದೆ. ಇದು ಎಪ್ಪತ್ತೆಂಟು ಸಾವಿರ ಓಡಿದೆ. ಇನ್ನೂ ಹೀಗೇ ಓಡಿಸಿದ್ದರೆ ಸೈಲೆನ್ಸರಿನ ಒಳಗೆ ಹೊಗೆ ಶುದ್ಧ ಮಾಡುವ ಭಾಗವೂ ಹಾಳಾಗ್ತಿತ್ತು. ಕಾರಿನ ಪುಸ್ತಕ ನೋಡ್ಲಿಲ್ವಾ?”

ಪುಸ್ತಕ ಡ್ಯಾಶ್‌ಬೋರ್ಡಿನೊಳಗೆ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು. ಮಕ್ಕಳಿಗೆ ದಿನವೂ ಓದಿ ಓದಿ ಎನ್ನುವವಳು ನಾನು. ನಾಚಿಕೆಯಾಯಿತು. “ಕೊನೆಯದನ್ನು ನಾನೇ ತೆಗೆಯುತ್ತೇನೆ” ಎಂದೆ. ಅವನು ಸ್ಪ್ಯಾನರ್ ಕೊಟ್ಟು ಪಕ್ಕಕ್ಕೆ ಸರಿದ.

ಹಳೆಯ ನಾಲ್ಕನ್ನೂ ಪೇಪರಿನಲ್ಲಿ ಸುತ್ತಿ ತಂದೆ. ಭಾವ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಲೋಟದ ಪಕ್ಕದಲ್ಲೇ ಸುರಿದೆ.

“ನೀವು ಹೊಸತಾಗಿ ಹಾಕಿಸಿದ ಪ್ಲಗ್ಗುಗಳು.”

ಅವರು ಮುಟ್ಟಲಿಲ್ಲ. “ಯಾರದ್ದೋ ಹಳೆಯದು ತೋರಿಸಿ ನಿನ್ನನ್ನು ಮಂಗ ಮಾಡಿದ್ದಾನೆ. ಹೆಂಗಸರು ಒಬ್ಬರೇ ಗ್ಯಾರೇಜಿಗೆ ಹೋದರೆ ಹೀಗೇ.”

“ಇದರಲ್ಲಿ ಒಂದನ್ನು ಬಿಚ್ಚಿದ್ದು ನಾನು, ನನ್ನ ಕೈಯಲ್ಲಿ.”

ಲೋಟ ಎತ್ತಿಕೊಂಡು ಒಳಗೆ ನಡೆದರು.

ರಾತ್ರಿ ಗಂಡ ಫೋನಿನಲ್ಲಿ, “ಅಣ್ಣನಿಗೆ ಮರೆತು ಹೋಗಿರಬಹುದು, ಬಿಡು ಮಾರಾಯ್ತಿ” ಎಂದರು. ಮರೆತದ್ದಾದರೆ ಮರೆತೆ ಎನ್ನಲಿ ಎಂದೆ. ಭಾವ ಅನ್ನಲಿಲ್ಲ. ಬದಲಿಗೆ ನೆಂಟರ ಮನೆಗಳಲ್ಲಿ, ತನ್ನನ್ನು ಬಿಸಿಲಿನಲ್ಲಿ ನಡುದಾರಿಯಲ್ಲಿ ಇಳಿಸಿ ಹೋದವಳು ಎಂದು ನನ್ನ ಬಗ್ಗೆ ಹೇಳಿಕೊಂಡು ತಿರುಗಿದರು. ಇಳಿಸಿದ್ದು ಹೌದು. ಆ ಬಗ್ಗೆ ನನಗೆ ಬೇಸರವಿಲ್ಲ.

ಕಾರು ಈಗ ಒಂದೇ ಸಲಕ್ಕೆ ಏಳುತ್ತದೆ. ಮುಂದೆ ಪ್ಲಗ್ ಬದಲಾಯಿಸಬೇಕಾದ ಕಿಲೋಮೀಟರನ್ನು ಚೀಟಿಯಲ್ಲಿ ಬರೆದು ಸ್ಟೇರಿಂಗಿನ ಹತ್ತಿರ ಅಂಟಿಸಿದ್ದೇನೆ. ಅತ್ತೆಯ ಇನ್ನೊಂದು ಕಣ್ಣಿನ ಆಪರೇಶನ್ನಿಗೆ ಹೊರಟಾಗ, ತಾನೂ ಬರುತ್ತೇನೆಂದು ಭಾವ ಅತ್ತೆಯ ಹತ್ತಿರ ಹೇಳಿ ಕಳಿಸಿದರು. ಬೇಡ ಎಂದೆ. ಅತ್ತೆ ಮುಂದಿನ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡರು.