ಹೊನ್ನಾಳಿಯ ಉಪ್ಪಿಟ್ಟು ಪರೀಕ್ಷೆ

ಹೆಣ್ಣು ನೋಡಲು ಹೊನ್ನಾಳಿಗೆ ಹೋದರೆ ನನ್ನನ್ನೇ ಪರೀಕ್ಷೆಗೆ ಕೂರಿಸುತ್ತಾರೆಂದು ಯಾರೂ ಹೇಳಿರಲಿಲ್ಲ. ಹುಡುಗಿಯ ಅಪ್ಪ ರಿಟೈರಾದ ಇಂಗ್ಲಿಷ್ ಮೇಷ್ಟ್ರು. ನಾನು ಜಗಳೂರಿನಲ್ಲಿ ಬೋರ್‌ವೆಲ್ ಮೋಟರುಗಳಿಗೆ ತಂತಿ ಸುತ್ತುವವನು. ಮೊಬೈಲಿಗೆ ಅವಳ ಫೋಟೋ ಬಂದ ದಿನದಿಂದ ತಂತಿಯನ್ನು ಉಲ್ಟಾ ಸುತ್ತುತ್ತಿದ್ದೆ. ಈ ಹುಡುಗಿ ಸಿಗದಿದ್ದರೆ ನಮ್ಮ ತಾಲೂಕಿನ ಅರ್ಧ ಬೋರುಗಳು ನಿಂತೇಹೋಗುತ್ತಿದ್ದವು. ಅಷ್ಟು ಇಷ್ಟವಾಗಿದ್ದಳು.

ಉಪ್ಪಿಟ್ಟಿನ ತಟ್ಟೆ ಕೈಗೆ ಬಂದ ಕೂಡಲೇ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು.

"ನನ್ನ ಅಳಿಯ ಆಗೋರಿಗೆ ನೌನ್ ಯಾವುದು, ಅಡ್ಜೆಕ್ಟಿವ್ ಯಾವುದು ಅಂತ ಗೊತ್ತಿರಬೇಕು ನೋಡ್ರಿ. ವಸ್ತುವಿನ ಹೆಸರು ಯಾವುದು, ಅದರ ಗುಣ ಯಾವುದು, ಅಷ್ಟೇ. ಚೇರ್?"

"ನೌನ್ ಸಾರ್," ಎಂದೆ. ಅದರ ಮೇಲೇ ಕುಳಿತಿದ್ದೆನಲ್ಲ.

"ಹೆವಿ?"

ಇನ್ನೊಂದು ತುತ್ತು ಉಪ್ಪಿಟ್ಟು ಬಾಯಿಗೆ ತುರುಕಿಕೊಂಡೆ. ಹೆವಿ ಮೋಟರನ್ನು ಹೆಗಲ ಮೇಲೆ ಹೊತ್ತವನು ನಾನು, ಆದರೆ ಅದು ಯಾವ ಜಾತಿಯ ಪದವೋ ಯಾರಿಗೆ ಗೊತ್ತು? ಆಗ ಮೇಷ್ಟ್ರ ಬೆನ್ನ ಹಿಂದೆ, ಅಡುಗೆಮನೆ ಬಾಗಿಲಲ್ಲಿ, ಹುಡುಗಿ ಬಂದು ನಿಂತಳು. ನನ್ನತ್ತ ನೋಡಿ ಖಾಲಿ ಕೈ ಬೀಸಿದಳು. ಎದ್ದು ಹೋಗು ಎನ್ನುತ್ತಿದ್ದಾಳೆ! ಎದ್ದೇಬಿಟ್ಟೆ.

ಪಕ್ಕದಲ್ಲಿದ್ದ ಚಿಕ್ಕಪ್ಪ ನನ್ನ ಅಂಗಿ ಹಿಡಿದು ಜಗ್ಗಿ ಕೂರಿಸಿದ. "ಏನಿಲ್ಲ ಸಾರ್, ಹುಡುಗನ ಕಾಲು ಜೋಮು ಹಿಡಿದೈತೆ."

ಅವಳು ಹಣೆ ಬಡಿದುಕೊಂಡು ನೀರಿನ ಲೋಟ ತಂದಳು. ಲೋಟ ಎತ್ತಿ ಚೇರು ತೋರಿಸಿದಳು. ಲೋಟ ಕೆಳಗಿಟ್ಟು ಖಾಲಿ ಕೈ ಅಲ್ಲಾಡಿಸಿದಳು. ಆಗ ನನ್ನ ಮಂಡೆಗೆ ಕರೆಂಟ್ ಬಂತು. ಲೋಟ ಎತ್ತಿದರೆ ನೌನ್, ಖಾಲಿ ಕೈ ಆದರೆ ಅಡ್ಜೆಕ್ಟಿವ್!

"ಅಡ್ಜೆಕ್ಟಿವ್ ಸಾರ್!"

"ಶೀಪ್?" ಲೋಟ ಮೇಲೆ. "ನೌನ್!" "ಹ್ಯಾಪಿ?" ಖಾಲಿ ಕೈ. "ಅಡ್ಜೆಕ್ಟಿವ್!" ಪಟಪಟನೆ ಉದುರಿಸುತ್ತಿದ್ದೆ. ಚಿಕ್ಕಪ್ಪನಿಗೂ ಹುರುಪು ಬಂತು. "ದಿನಾ ಇಂಗ್ಲಿಷ್ ಪೇಪರ್ ತರಿಸ್ತಾನೆ ಸಾರ್," ಎಂದ. ತರಿಸುತ್ತಿದ್ದುದು ನಿಜ, ಮೋಟರಿನ ಗ್ರೀಸ್ ಒರೆಸಲು.

"ಹ್ಯಾಪಿನೆಸ್?"

ಈಗಷ್ಟೇ ಗುಣವಾಗಿದ್ದದ್ದು ಬಾಲ ಬಂದ ಮೇಲೂ ಗುಣವೇ ಇರಬೇಕು ಅಂದುಕೊಂಡು ಬಾಯಿ ತೆರೆದೆ. ಅವಳು ಗಾಬರಿಯಿಂದ ಲೋಟವನ್ನು ತಲೆಯ ಮೇಲಕ್ಕೆ ಎತ್ತಿದಳು. ನೀರೆಲ್ಲ ಅವಳ ನೆತ್ತಿಯ ಮೇಲೆ ಸುರಿಯಿತು.

"ನೌನ್," ಎಂದೆ ಮೆಲ್ಲಗೆ.

ಮೇಷ್ಟ್ರು ಹಿಂದಕ್ಕೆ ತಿರುಗಲೇ ಇಲ್ಲ. "ತಲೆ ಒರೆಸ್ಕಳವ್ವ, ಥಂಡಿ ಆಗ್ತೈತೆ," ಎಂದರು.

ನನ್ನ ಬೆನ್ನ ಹಿಂದಿನ ಗೋಡೆ ನೋಡಿದೆ. ಅಲ್ಲಿ ದೊಡ್ಡ ಟೀವಿ, ಆಫ್ ಆಗಿತ್ತು. ಅದರ ಕಪ್ಪು ಗಾಜಿನಲ್ಲಿ ಅಡುಗೆಮನೆ ಬಾಗಿಲು, ಹುಡುಗಿ, ಲೋಟ, ಎಲ್ಲವೂ ಸಿನಿಮಾದ ಹಾಗೆ ಕಾಣುತ್ತಿತ್ತು. ಜೀವನವಿಡೀ ಪರೀಕ್ಷಾ ಕೋಣೆಯಲ್ಲಿ ಕಾಪಿ ಹೊಡೆಯುವವರನ್ನು ಹಿಡಿದ ಮನುಷ್ಯ! ಚಿಕ್ಕಪ್ಪ ಆಗಲೇ ಚಪ್ಪಲಿಯತ್ತ ಕಾಲು ಚಾಚಿದ್ದ. ನಾನೂ ತಟ್ಟೆ ಕೆಳಗಿಟ್ಟು ಎದ್ದೆ. ಅಳು ಬರುವುದೊಂದು ಬಾಕಿ.

"ಕುತ್ಕಳ್ರಿ," ಎಂದರು ಮೇಷ್ಟ್ರು. "ಹೋದ ಸಲ ನ್ಯಾಮತಿಯಿಂದ ಬಂದ ಹುಡುಗ ಒಂದೂ ತಪ್ಪಿಲ್ಲದಂಗೆ ಹೇಳಿದ. ಇವಳು ಅಡುಗೆಮನೆ ಬಿಟ್ಟು ಹೊರಗೇ ಬರಲಿಲ್ಲ."