ಜಾಫರ್ ಭಾಯಿಯ ರಿಯಾಯಿತಿ

ಭಟ್ಕಳದ ಜಾಫರ್ ಭಾಯಿ ತಾವು ಮಿಡ್ಲ್ ಕ್ಲಾಸ್ ಅಂತ ಹೇಳುವಾಗ ಮುಖದಲ್ಲಿ ಒಂದು ಚೂರೂ ನಗು ಇರುತ್ತಿರಲಿಲ್ಲ. ದುಬೈಯ ಮಿರ್ದಿಫ್‌ನಲ್ಲಿ ವಿಲ್ಲಾ, ರಾಸ್ ಅಲ್ ಖೋರ್‌ನಲ್ಲಿ ಸ್ಪೇರ್ ಪಾರ್ಟ್ಸಿನ ಹೋಲ್‌ಸೇಲ್ ಅಂಗಡಿ, ಅದರ ಬೆನ್ನಿಗೇ ಗೋಡೌನು, ಊರಲ್ಲಿ ಬಾಡಿಗೆಗೆ ಕೊಟ್ಟ ಮಳಿಗೆಗಳು. ಇಷ್ಟೆಲ್ಲ ಇಟ್ಟುಕೊಂಡು, "ನಮ್ಮಂಥ ಮಿಡ್ಲ್ ಕ್ಲಾಸಿನವರು ದುಬೈಯಲ್ಲಿ ಬದುಕುವುದು ಹೇಗೆ ಟೀಚರೇ?" ಅಂತ ಒಂದು ಬೆಡ್‌ರೂಮಿನ ಫ್ಲ್ಯಾಟಿಗೆ ಬಾಡಿಗೆ ಕಟ್ಟಿ ಸುಸ್ತಾದ ನನ್ನ ಹತ್ತಿರ ಕೇಳುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ನೀವೇ ಮಿಡ್ಲ್ ಕ್ಲಾಸ್ ಆದ್ರೆ ಶ್ರೀಮಂತರು ಅಂದ್ರೆ ಯಾರು ಮಾರಾಯ್ರೆ?" ಅಂತ ಒಮ್ಮೆ ಕೇಳಿಯೇ ಬಿಟ್ಟೆ.

"ಬೆಲೆ ಕೇಳದೆ ತಗೊಳ್ಳುವವನು ಶ್ರೀಮಂತ. ನಾನು ಕೊತ್ತಂಬರಿ ಸೊಪ್ಪಿಗೂ ಬೆಲೆ ಕೇಳ್ತೇನೆ. ಬೇಕಾದ್ರೆ ಅಂಗಡಿಯವನ ಹತ್ತಿರ ವಿಚಾರಿಸಿ."

ಅದು ಮಾತ್ರ ಸತ್ಯ. ಮನುಷ್ಯ ಚೌಕಾಸಿ ಮಾಡದೆ ನೀರಿನ ಬಾಟಲಿಯನ್ನೂ ತಂದವರಲ್ಲ.

ನಾನು ವಾರವಿಡೀ ಒಂದು ಆಫೀಸಿನಲ್ಲಿ ಕ್ಲರ್ಕು. ಶನಿವಾರ ಬೆಳಿಗ್ಗೆ ಮಾತ್ರ ಮಿರ್ದಿಫ್‌ನ ಒಂದು ಹಾಲ್‌ನಲ್ಲಿ ನಮ್ಮವರ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಆ ಒಂದು ಬೆಳಗಿನ ದೆಸೆಯಿಂದ ಇಡೀ ದುಬೈಗೆ ನಾನು ಟೀಚರ್. ಜಾಫರ್ ಭಾಯಿಯ ಐದು ಮಂದಿ ಮೊಮ್ಮಕ್ಕಳೂ ನನ್ನ ಕ್ಲಾಸಿನವರೇ. ಅವರನ್ನು ಬಿಡಲು ಬಂದವರು ಬಾಗಿಲಲ್ಲಿ ನಿಂತು ನನ್ನ ಹತ್ತಿರ ಒಂದು ವಾದ ಮುಗಿಸಿಯೇ ಹೋಗುವುದು.

ಇಲ್ಲಿ ನಮ್ಮ ಸಂಬಳಕ್ಕೆ ಟ್ಯಾಕ್ಸ್ ಇಲ್ಲ, ಆದರೂ ಊರಿನ ಬಜೆಟ್ ಬಂದ ದಿನ ಜಾಫರ್ ಭಾಯಿ ಅಂಗಡಿಯಲ್ಲಿ ಗಿರಾಕಿಯನ್ನೂ ಮಾತಾಡಿಸುತ್ತಿರಲಿಲ್ಲ. ಭಟ್ಕಳದ ಬಾಡಿಗೆಗೆ ಅಲ್ಲಿ ಟ್ಯಾಕ್ಸ್ ಕಟ್ಟಬೇಕಲ್ಲ! ಮಧ್ಯಮ ವರ್ಗಕ್ಕೆ ಟ್ಯಾಕ್ಸ್ ಇಳಿಸಿದ ವರ್ಷ ಒಂದು ಡಬ್ಬ ಹಲ್ವಾ ಹಿಡಿದುಕೊಂಡು ಕ್ಲಾಸಿಗೆ ಬಂದರು.

"ನಮಗೆ ಸಿಕ್ಕಿತು ಟೀಚರೇ!"

"ಅದು ನಿಮಗೆ ಅಂತ ಮಾಡಿದ್ದಲ್ಲ," ಅಂದೆ.

"ಯಾರಿಗೆ ಅಂತ ಮಾಡಿದ್ರೆ ನನಗೆಂತ? ಟ್ಯಾಕ್ಸಿನ ಸ್ಲ್ಯಾಬ್ ಅಂದ್ರೆ ಏಣಿ. ಕೆಳಗಿನ ಮೆಟ್ಟಿಲು ತಗ್ಗಿಸಿದ್ರೆ ಮೇಲೆ ಕೂತವನಿಗೂ ಸುಲಭವೇ. ಅವನೂ ಅದೇ ಮೆಟ್ಟಿಲು ಮೆಟ್ಟಿ ಹತ್ತಿದ್ದಲ್ವಾ?"

"ನನ್ನ ತಮ್ಮ ಬ್ರಹ್ಮಾವರದಲ್ಲಿ ಹೋಟೆಲು ಕೆಲಸದವನು. ಅವನಿಗೆಂತ ಸಿಕ್ಕಿತು?"

"ಅವನು ಏಣಿಯ ಬುಡಕ್ಕೇ ಬಂದಿಲ್ಲ. ಟ್ಯಾಕ್ಸೇ ಕಟ್ಟದವನಿಗೆ ಬಿಡುವುದೆಂತ? ಹಲ್ವಾ ತಿನ್ನಿ." ತಿಂದೆ. ಹಲ್ವಾ ಚೆನ್ನಾಗಿತ್ತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಅದೇ ವರ್ಷ ದುಬೈಯಲ್ಲಿ ಮನೆ ಬಾಡಿಗೆ ವಿಪರೀತ ಏರಿತು. ಮಧ್ಯಮ ಸಂಬಳದವರಿಗೆ ಸಹಾಯ ಆಗಲಿ ಅಂತ ನಮ್ಮ ಕ್ಲಾಸಿನ ಕಮಿಟಿಯವರು ಒಂದು ತೀರ್ಮಾನ ಮಾಡಿದರು: ಒಂದೇ ಮನೆಯಿಂದ ಎರಡನೇ ಮಗು ಬಂದರೆ ಅರ್ಧ ಫೀಸು, ಮೂರನೆಯದರಿಂದ ಮುಂದಕ್ಕೆ ಫೀಸೇ ಇಲ್ಲ. ನಾನೂ ಚಪ್ಪಾಳೆ ತಟ್ಟಿದವಳೇ. ಆದರೆ ಎರಡು ಮೂರು ಮಕ್ಕಳನ್ನು ಕ್ಲಾಸಿಗೆ ಕಳಿಸುವವರು ಯಾರು? ವಿಲ್ಲಾದವರು. ರಾಸ್ ಅಲ್ ಖೋರ್ ಆಚೆಯ ಫ್ಲ್ಯಾಟುಗಳಲ್ಲಿ ಪಾರ್ಟಿಶನ್ ಹಾಕಿಕೊಂಡು ಇರುವ ಮೆಕ್ಯಾನಿಕ್ಕು, ಟೈಲರುಗಳು ಕಷ್ಟಪಟ್ಟು ಒಂದು ಮಗುವನ್ನು ಕಳಿಸುತ್ತಿದ್ದರು. ಅವರಿಗೆ ಪೂರ್ತಿ ಫೀಸು. ಎಲ್ಲರಿಗಿಂತ ದೊಡ್ಡ ರಿಯಾಯಿತಿ ಸಿಕ್ಕಿದ್ದು ಜಾಫರ್ ಭಾಯಿಗೆ. ಕ್ಲಾಸಿಗೆ ಬರುವ ದುಡ್ಡು ಕಮ್ಮಿಯಾಯಿತು, ಕಮಿಟಿಯವರು ಮಕ್ಕಳನ್ನು ತರಲು ರಾಸ್ ಅಲ್ ಖೋರ್ ಕಡೆಗೆ ಹೋಗುತ್ತಿದ್ದ ಬಸ್ಸು ನಿಲ್ಲಿಸಿದರು. ಆ ಬಸ್ಸಿಲ್ಲದೆ ಆ ಕಡೆಯ ಮಕ್ಕಳು ಬರುವ ಹಾಗೇ ಇಲ್ಲ. ಉಳ್ಳಾಲದ ಮೆಕ್ಯಾನಿಕ್ಕನ ಮಗಳು ಸಫಾ ಅಷ್ಟರಲ್ಲಿ ಒತ್ತಕ್ಷರಕ್ಕೆ ಬಂದಿದ್ದಳು. ಅವಳ ಕಲಿಕೆ ಅಲ್ಲಿಗೇ ನಿಂತಿತು.

ಮುಂದಿನ ಶನಿವಾರ ಜಾಫರ್ ಭಾಯಿಯನ್ನು ಬಾಗಿಲಲ್ಲೇ ಹಿಡಿದೆ. "ನಾಚಿಕೆ ಆಗುವುದಿಲ್ವಾ ನಿಮಗೆ? ನಿಮ್ಮ ರಿಯಾಯಿತಿಯಲ್ಲಿ ಒಂದು ಬಸ್ಸು ಹೋಯಿತು!"

ಅವರು ಟೊಪ್ಪಿ ತೆಗೆದು ತಲೆ ಒರೆಸಿಕೊಂಡರು. "ಕೊಟ್ಟದ್ದು ನೀವು. ಬಾಗಿಲು ತೆರೆದಿಟ್ಟು ಒಳಗೆ ಬಂದವನಿಗೆ ಬೈಯುವುದೆಂತ? ವ್ಯಾಪಾರಿ ರಿಯಾಯಿತಿ ವಾಪಸ್ ಕೊಟ್ಟದ್ದು ಎಲ್ಲಾದ್ರೂ ಉಂಟಾ?" ಟೊಪ್ಪಿ ಮತ್ತೆ ಹಾಕಿಕೊಂಡು, "ಮಕ್ಕಳು ಎಷ್ಟು ಮಂದಿ?" ಅಂದರು.

"ಆರು."

"ಖಲಾಸ್, ಮಾತು ಮುಗಿಯಿತು. ನಾನೇ ತರ್ತೇನೆ."

ಮೊಮ್ಮಕ್ಕಳನ್ನು ಮೊದಲು ಇಳಿಸಿ, ಆಮೇಲೆ ರಾಸ್ ಅಲ್ ಖೋರ್‌ಗೆ ತಮ್ಮ ದೊಡ್ಡ ಗಾಡಿ ಓಡಿಸಿಕೊಂಡು ಹೋಗಿ ಆ ಆರು ಮಕ್ಕಳನ್ನು ತರತೊಡಗಿದರು. ಗಾಡಿಯಲ್ಲಿ ಅವರದ್ದೇ ಕಾನೂನು. ಯಾರಾದರೂ ಇಂಗ್ಲಿಷಿನಲ್ಲಿ ಮಾತಾಡಿದರೆ ಎಸಿ ಆಫ್. ಜುಲೈ ತಿಂಗಳಲ್ಲಿ! ಮಕ್ಕಳು ಬೆವರು ಸುರಿಸಿಕೊಂಡು, "ಅಜ್ಜ, ಸೆಕೆ ಆಗ್ತದೆ" ಅಂತ ಕನ್ನಡದಲ್ಲಿ ಹೇಳಿದ ಮೇಲೆಯೇ ಗಾಳಿ. ನಾನು ಆರು ತಿಂಗಳಲ್ಲಿ ಕಲಿಸಲಾಗದ್ದನ್ನು ಈ ಮನುಷ್ಯ ಒಂದು ಸ್ವಿಚ್ಚಿನಲ್ಲಿ ಕಲಿಸಿದರು. ಸಫಾ ಯಾವಾಗಲೂ ಮುಂದಿನ ಸೀಟಿನ ಹಿಂದೆಯೇ ಕೂತು ಅವರಿಗೆ ಅಂಗಡಿ ಬೋರ್ಡುಗಳ ಹೆಸರನ್ನು ಕನ್ನಡ ಮಾಡಿ ಹೇಳುತ್ತಿದ್ದಳಂತೆ. ವಾದದಲ್ಲಿ ನಾನು ಸೋತೆ ಅಂದುಕೊಂಡೆ. ಬಸ್ಸಿನ ಮಾತು ಕಮಿಟಿಯಲ್ಲಿ ಯಾರೂ ಎತ್ತಲಿಲ್ಲ. ಜಾಫರ್ ಭಾಯಿ ಇದ್ದಾರಲ್ಲ!

ಒಂದು ವರ್ಷ ಕಳೆದಿರಬಹುದು, ಅವರ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಗಾಡಿ ಮುಟ್ಟಬಾರದು ಅಂದರು ಡಾಕ್ಟರು. ನೋಡಲು ಹೋದೆ. ಕಪ್ಪು ಕನ್ನಡಕ ಹಾಕಿಕೊಂಡು ಹಜಾರದಲ್ಲಿ ಕೂತಿದ್ದರು. ಸುಲೈಮಾನಿ ಚಹಾ ತರಿಸಿ, ನನ್ನ ಆರೋಗ್ಯ ಕೇಳುವ ಮೊದಲೇ, "ಈ ಶನಿವಾರ ಮಕ್ಕಳು ಬಂದ್ರಾ?" ಅಂದರು.

"ಇಲ್ಲ ಭಾಯ್."

"ಲೆಕ್ಕ ತಪ್ಪಿತು ಟೀಚರೇ." ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. "ನಾನು ಫೀಸು ಕೊಟ್ಟಿದ್ರೆ ಬಸ್ಸು ಓಡ್ತಿತ್ತು. ನನಗೆ ಕಣ್ಣು ಹೋದ್ರೂ ಓಡ್ತಿತ್ತು. ನಾನು ಗಾಡಿ ಕೊಟ್ಟೆ, ದೊಡ್ಡ ಮನುಷ್ಯ ಆದೆ. ಈಗ ನಾನೂ ಮೂಲೆಗೆ ಬಿದ್ದೆ, ಮಕ್ಕಳೂ ಮೂಲೆಗೆ ಬಿದ್ರು."

ಅವರ ಕೈಮೇಲೆ ಕೈಯಿಟ್ಟು ಕೂತೆ.

ಮಾರನೆಯ ದಿನದಿಂದ ಶುರುವಾಯಿತು ಅವರ ಫೋನು. ಮೊದಲು ಮಗನ ಹತ್ತಿರ ಐದೂ ಮಕ್ಕಳ ಪೂರ್ತಿ ಫೀಸು ಕಟ್ಟಿಸಿದರು. ಆಮೇಲೆ ರಿಯಾಯಿತಿ ಪಡೆದ ವಿಲ್ಲಾದವರನ್ನೆಲ್ಲ ಬಾಕಿ ವಸೂಲಿಗೆ ಕೂತವರ ಹಾಗೆ ಬೆನ್ನು ಹತ್ತಿದರು. "ನಾವು ಮಿಡ್ಲ್ ಕ್ಲಾಸ್ ಭಾಯ್" ಅಂತ ಒಬ್ಬರು ಅಂದದ್ದಕ್ಕೆ, "ಆ ಸುಳ್ಳು ನಾನು ನಿಮಗಿಂತ ಚೆನ್ನಾಗಿ ಹೇಳ್ತಿದ್ದೆ" ಅಂದರಂತೆ. ಕಡೆಗೆ ಕಮಿಟಿ ಸೋತಿತು. ಕಷ್ಟ ಇದೆ ಅಂದವರಿಗೆ ಮಾತ್ರ ರಿಯಾಯಿತಿ, ಮುಂದಿನ ತಿಂಗಳಿಂದ ರಾಸ್ ಅಲ್ ಖೋರ್‌ಗೆ ಮತ್ತೆ ಬಸ್ಸು. ಅಷ್ಟು ಮುಗಿಸಿ ವಿಶ್ರಾಂತಿಗೆ ಅಂತ ಭಟ್ಕಳಕ್ಕೆ ಹೋದರು. ಹೋದ ಎರಡೇ ವಾರಕ್ಕೆ, ಒಂದು ಗುರುವಾರ, ಅವರ ಮಗ ಫೋನು ಮಾಡಿದ. ಹೃದಯ ನಿಂತಿತಂತೆ. ಆ ದಿನವೇ ದಫನವೂ ಆಯಿತು.

ಬಸ್ಸು ಮೊದಲ ಸಲ ಹೊರಟದ್ದು ಅದರ ಮೂರನೇ ದಿನ, ಶನಿವಾರ. ನಾನೂ ಜೊತೆಗೆ ಹೋದೆ. ಉಳಿದ ಮಕ್ಕಳು ಹತ್ತಿದರು. ಸಫಾ ಮಾತ್ರ ಬ್ಯಾಗನ್ನು ಮಡಿಲಲ್ಲಿಟ್ಟು ಕಟ್ಟಡದ ಮೆಟ್ಟಿಲ ಮೇಲೆ ಕೂತಿದ್ದಳು.

"ಬಸ್ಸು ಬೇಡ ಟೀಚರ್. ಅಜ್ಜ ಬರ್ತಾರೆ."

ಹಿಂದೆ ಅವಳ ತಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಮಗುವಿಗೆ ಹೇಳಿರಲಿಲ್ಲ. ನಾನು ಇಳಿದು ಹೋಗಿ ಪಕ್ಕದಲ್ಲಿ ಕೂತೆ.

"ಅಜ್ಜ ತೀರಿಹೋದರು ಪುಟ್ಟಿ. ಇನ್ನು ಬರುವುದಿಲ್ಲ. ಈ ಬಸ್ಸು ಅವರೇ ಮಾಡಿಸಿಕೊಟ್ಟದ್ದು."

ಅವಳು ಬಸ್ಸನ್ನು ತುಂಬ ಹೊತ್ತು ನೋಡಿದಳು. "ಬಸ್ಸು ಮಾಡಿಸಿದ್ದಕ್ಕೆ ಅವರು ಹೋಗ್ಬೇಕಿತ್ತಾ?"

ಮಕ್ಕಳೆದುರು ಅಳಬಾರದು ಅಂತ ಗಟ್ಟಿ ಮನಸ್ಸು ಮಾಡಿಕೊಂಡೇ ಬಂದಿದ್ದೆ. ಆಗಲಿಲ್ಲ. ಕೊನೆಗೆ ಸಫಾಳೇ ಎದ್ದು, ನನ್ನ ಕೈಹಿಡಿದು ಬಸ್ಸು ಹತ್ತಿಸಿದಳು.