ಅಜ್ಜನ ಹೆಸರಿನ ನಾವೆಲ್ಲರೂ

ನನ್ನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನನ್ನ ಜೊತೆ ಇನ್ನೂ ನಾಲ್ವರು "ಎಂತ?" ಎಂದು ಎದ್ದು ನಿಲ್ಲುತ್ತಾರೆ. ಅವರಲ್ಲಿ ಒಬ್ಬರು ನನ್ನ ಅಜ್ಜ. ಅವರಿಗೆ ಮಂಡಿನೋವು, ಸುಮ್ಮನೆ ಎಬ್ಬಿಸುವುದು ಪಾಪ.

ನಮ್ಮ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಒಂದು ಪದ್ಧತಿ: ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರು. ಅಜ್ಜನಿಗೆ ನಾಲ್ವರು ಗಂಡುಮಕ್ಕಳು, ನಾಲ್ವರೂ ವಿಧೇಯರು. ಹಾಗಾಗಿ ಕಾಪುವಿನಲ್ಲಿ ಒಬ್ಬ, ಕಾರ್ಕಳದಲ್ಲಿ ಒಬ್ಬ, ಮಣಿಪಾಲದಲ್ಲಿ ಒಬ್ಬ, ಉಡುಪಿಯಲ್ಲಿ ಒಬ್ಬ, ಎಲ್ಲರಿಗೂ ಅದೇ ಹೆಸರು. ಉಡುಪಿಯ ಚಂದದವನು ನಾನು. ಕ್ರಿಸ್ಮಸ್ಸಿಗೆ ಬೆಳ್ಮಣ್ ಹತ್ತಿರದ ಅಜ್ಜನ ಮನೆಯಲ್ಲಿ ಎಲ್ಲರೂ ಸೇರಿದಾಗ ಅಜ್ಜಿ ಜಗಲಿಯಲ್ಲಿ ನಿಂತು ನಮ್ಮನ್ನು ಊರಿನ ಮೇಲೆ ಕರೆಯುತ್ತಿದ್ದರು: "ಕಾಪು, ಕಾರ್ಕಳ, ಮಣಿಪಾಲ, ಉಡುಪೀ! ಬೇಗ ಬನ್ನಿ!" ಒಮ್ಮೆ ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬರು ಬಸ್ಸು ಹೊರಟಿತೆಂದು ಗಂಟುಮೂಟೆ ಸಮೇತ ನಮ್ಮ ಅಂಗಳಕ್ಕೇ ಓಡಿ ಬಂದರು. ನಾನು ಅವರಿಗೆ ಕಿಟಕಿ ಪಕ್ಕದ ಸೀಟು ತೋರಿಸಿದೆ. ಅಜ್ಜಿ ನನಗೆ ಸೌಟು ತೋರಿಸಿದರು.

ಅಜ್ಜನ ಅಜ್ಜನಿಗೂ ಅದೇ ಹೆಸರು, ಅವರ ಅಜ್ಜನಿಗೂ ಅದೇ. ಒಂಬತ್ತನೇ ಕ್ಲಾಸಿನಲ್ಲಿ ಚರಿತ್ರೆಯ ಮೇಷ್ಟ್ರು ಇಮ್ಮಡಿ, ಮುಮ್ಮಡಿ ಎಂದು ರಾಜರನ್ನು ಎಣಿಸುತ್ತಿದ್ದಾಗ, ನಾನೂ ಆ ಲೆಕ್ಕದವನೇ ಎಂದು ಬೆಂಚಿನಲ್ಲಿ ಘೋಷಿಸಿದೆ.

"ನಿನ್ನ ರಾಜ್ಯ ಎಲ್ಲಿ ಉಂಟು ಮಾರಾಯ?" ಎಂದ ಪಕ್ಕದಲ್ಲಿ ಕೂರುವ ಗೆಳೆಯ.

"ಇನ್ನಂಜೆಯಿಂದ ಅಜೆಕಾರಿನವರೆಗೆ."

"ಸೈನ್ಯ?"

"ಹದಿನಾಲ್ಕು ಕೋಳಿ."

ಅದೇ ವರ್ಷ ಕಾಪು ಅಣ್ಣನಿಗೆ ಗಲ್ಫಿನಲ್ಲಿ ಕೆಲಸ ಸಿಕ್ಕಿತು. ನಾಲ್ವರಲ್ಲಿ ಅವನೇ ಹಿರಿಯ, ಅದನ್ನು ದಿನಕ್ಕೆ ಮೂರು ಸಲ ನೆನಪಿಸುವವನು. ಪಾಸ್‌ಪೋರ್ಟಿಗೆ ಹುಟ್ಟಿದ ತಾರೀಕಿನ ದಾಖಲೆ ಬೇಕಿತ್ತು. ಅವನ ಶಾಲೆಯ ಸರ್ಟಿಫಿಕೇಟನ್ನು ಗೆದ್ದಲು ಓದಿ ಮುಗಿಸಿತ್ತು. ಉಳಿದದ್ದು ಅಜ್ಜನ ಊರಿನ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಹೆಸರಿಡುವಾಗ ಬರೆದಿಟ್ಟ ದೀಕ್ಷಾಸ್ನಾನದ ದಾಖಲೆ ಒಂದೇ. ಕೆಲಸ ಕೊಡಿಸುವ ಏಜೆಂಟರು ಶನಿವಾರ ಸಂಜೆ ಆರಕ್ಕೆ ಉಡುಪಿಯಿಂದ ಬೊಂಬಾಯಿ ಬಸ್ಸು ಹತ್ತುವವರು. ಅಷ್ಟರೊಳಗೆ ಕಾಗದ ಕೈಗೆ ಬಾರದಿದ್ದರೆ ಆ ಕೆಲಸ ಸಾಲಿನಲ್ಲಿ ಹಿಂದೆ ನಿಂತವನಿಗೆ. ಶನಿವಾರ ಬೆಳಿಗ್ಗೆಯೇ ಅಣ್ಣನಿಗೆ ಮಣಿಪಾಲದಲ್ಲಿ ಮೆಡಿಕಲ್ ತಪಾಸಣೆ ಬೇರೆ ಇತ್ತು.

"ನಾನು ತರುತ್ತೇನೆ" ಎಂದೆ.

"ಈ ಚೀಟಿಯಲ್ಲಿ ನನ್ನ ತಾರೀಕು ಉಂಟು. ಫಾದರ್‌ಗೆ ತೋರಿಸು" ಎಂದು ಅಣ್ಣ ಒಂದು ಚೀಟಿ ಕೊಟ್ಟ.

ಚೀಟಿ! ಈ ಮನೆತನದ ಚರಿತ್ರೆಯನ್ನೇ ಬಾಯಿಪಾಠ ಮಾಡಿದವನಿಗೆ ಚೀಟಿ! ಮಡಚಿ ಹಿಂದಿನ ಕಿಸೆಗೆ ತುರುಕಿದೆ.

ಇಗರ್ಜಿಯ ಫಾದರ್ ಹೊಸಬರು, ಸಾಧು ಮನುಷ್ಯ. ನಾನು ಹೆಸರು ಹೇಳಿದೆ. ಅವರು ದಪ್ಪ ಪುಸ್ತಕ ತೆರೆದು ಬೆರಳು ಓಡಿಸಿದರು. ಒಂದು ಸಿಕ್ಕಿತು. ಹಿಂದೆ ಹೋದರು, ಇನ್ನೊಂದು. ಅದರ ಹಿಂದಿನ ಪುಸ್ತಕದಲ್ಲಿ ಮತ್ತೆ ಎರಡು.

"ಎಂತದು ಮಗ ಇದು? ನಿಮ್ಮಲ್ಲಿ ಬೇರೆ ಹೆಸರಿಗೆ ಬರಗಾಲ ಉಂಟಾ?"

ಇಷ್ಟು ಸಾಕಿತ್ತು ನನಗೆ. ಹಳೆಯ ಪುಸ್ತಕಗಳನ್ನೂ ತೋರಿಸಿ ಎಂದು ಗೋಗರೆದೆ. ಕಪಾಟಿನಿಂದ ಒಂದೊಂದೇ ಬಂತು, ಧೂಳಿಗೆ ಇಬ್ಬರೂ ಸರದಿಯಲ್ಲಿ ಸೀನಿದೆವು. ಅಲ್ಲಿದ್ದರು ನೋಡಿ, ನಮ್ಮ ಹೆಸರಿನವರೆಲ್ಲ! ಒಬ್ಬರು ಊರಿನ ಅರ್ಧ ಮಕ್ಕಳನ್ನು ದೀಕ್ಷಾಸ್ನಾನದಲ್ಲಿ ಎತ್ತಿಕೊಂಡ ಜ್ಞಾನಪಿತರು. ಹಬ್ಬದೂಟಕ್ಕಾಗಿಯೇ ಒಪ್ಪಿಕೊಂಡಿರಬೇಕು ಎಂದು ನನ್ನ ಸಂಶೋಧನೆ. ಒಬ್ಬರ ಹೆಸರಿನ ಪಕ್ಕ ಮೂರು ಮದುವೆಗಳ ಟಿಪ್ಪಣಿ, ನಾಲ್ಕನೆಯದಕ್ಕೆ ಜಾಗವಿರಲಿಲ್ಲ. ಒಬ್ಬರು ಸಹಿ ಮಾಡಲು ಬಾರದೆ ಶಿಲುಬೆಯ ಗೀಟು ಎಳೆದಿದ್ದರು, ಅದೂ ಸೊಟ್ಟ. ನಾನು ಪ್ರತಿಯೊಬ್ಬರ ಕಥೆಯನ್ನೂ ಫಾದರ್‌ಗೆ ವಿವರಿಸಿದೆ. ಅರ್ಧ ನನಗೆ ಗೊತ್ತಿದ್ದದ್ದು, ಉಳಿದದ್ದು ಆಗಲೇ ಹುಟ್ಟಿದ್ದು. ಹುಲಿಯ ಮೀಸೆ ಎಳೆದವರೂ ಇದ್ದರು. ಫಾದರ್ ನಗುತ್ತಾ ಕನ್ನಡಕ ಒರೆಸಿಕೊಂಡರು.

ಮಧ್ಯಾಹ್ನದ ಗಂಟೆ ಬಾರಿಸಿತು. ಫಾದರ್ ಗಡಬಡಿಸಿ ಪೆನ್ನು ಹಿಡಿದರು.

"ತಂದೆ ತಾಯಿ ಹೆಸರು ಹೇಳು. ಹಾಂ, ಸಿಕ್ಕಿತು. ಎರಡೂ ಸರಿ ಉಂಟು. ಹುಟ್ಟಿದ ತಾರೀಕು ಗೊತ್ತುಂಟಾ?"

"ಆ ತಂದೆ ತಾಯಿಗೆ ಆ ಹೆಸರಿನ ಮಗ ಒಬ್ಬನೇ ಫಾದರ್. ಬರೆದುಬಿಡಿ" ಎಂದೆ, ರಾಜಗಾಂಭೀರ್ಯದಿಂದ.

ಅವರು ಬರೆದು ಮೊಹರು ಒತ್ತಿದರು. ಚೀಟಿ ಕಿಸೆಯಲ್ಲೇ ಬೆಚ್ಚಗೆ ಕುಳಿತಿತ್ತು.

ಎರಡೂವರೆಗೆ ಉಡುಪಿಯ ನಮ್ಮ ಮನೆಗೆ ತಲುಪಿದೆ. ಅಣ್ಣ ಮೆಡಿಕಲ್ ಮುಗಿಸಿ ಬಂದಿದ್ದ, ಅವನ ತಾಯಿ, ಅಂದರೆ ನನ್ನ ಕಾಪು ದೊಡ್ಡಮ್ಮ, ಕಾಪುವಿನಿಂದ ಬಂದು ಕಾಯುತ್ತಿದ್ದರು. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ತಲೆಬಾಗಿ ಅರ್ಪಿಸಿದೆ. ದೊಡ್ಡಮ್ಮ ಓದಿದರು. ಮತ್ತೊಮ್ಮೆ ಓದಿದರು. ಮೆಲ್ಲಗೆ ಬೆಂಚಿನ ಮೇಲೆ ಕುಳಿತರು.

"ಇದು ಇವನದ್ದಲ್ಲ."

"ಹೆಸರು ಸರಿ ಉಂಟಲ್ಲ ದೊಡ್ಡಮ್ಮ. ದೊಡ್ಡಪ್ಪನದ್ದು ಉಂಟು, ನಿಮ್ಮದೂ ಉಂಟು!"

"ಉಂಟು ಪುತಾ. ಇವನಿಗಿಂತ ಮೊದಲು ಒಬ್ಬ ಇದ್ದ. ಹತ್ತೊಂಬತ್ತು ದಿನ ಇದ್ದ." ಅವರು ಕಾಗದವನ್ನು ಮೊಣಕಾಲಿನ ಮೇಲೆ ಸವರಿ ನೇರ ಮಾಡಿದರು. "ಅಜ್ಜನ ಹೆಸರು ಖಾಲಿ ಬಿಡಬಾರದು ಎಂದು, ಮತ್ತೆ ಹುಟ್ಟಿದ ಇವನಿಗೂ ಅದನ್ನೇ ಇಟ್ಟೆವು."

ನಾನಾಗಿಯೇ ಕಿಸೆಯಿಂದ ಚೀಟಿ ತೆಗೆದು ಓದಿದೆ. ಅಮ್ಮ ಇಂದಿಗೂ ಅದನ್ನು ಪವಾಡವೆನ್ನುತ್ತಾರೆ.

"ನನಗೆ ಅಣ್ಣ ಇದ್ದನಾ?" ಎಂದ ಕಾಪು ಅಣ್ಣ. "ಯಾರೂ ಹೇಳಲೇ ಇಲ್ಲವಲ್ಲ!"

"ಎಂತ ಹೇಳುವುದು? ನಿನ್ನನ್ನು ಕರೆದಾಗೆಲ್ಲ ಅವನನ್ನೂ ಕರೆದ ಹಾಗೆ ಆಗುತ್ತಿತ್ತು."

ಗೋಡೆ ಗಡಿಯಾರ ಮೂರು ಹೊಡೆಯಿತು. ಆಗ ನನ್ನ ಕುತಂತ್ರದ ತಲೆ ಮತ್ತೆ ಚಾಲೂ ಆಯಿತು. "ಇದನ್ನೇ ಕೊಟ್ಟರೆ ಎಂತ? ಒಂದೂವರೆ ವರ್ಷ ಮಾತ್ರ ವ್ಯತ್ಯಾಸ. ಏಜೆಂಟರಿಗೆ ಗೊತ್ತಾಗುವುದಿಲ್ಲ. ಅಣ್ಣನ ಮೀಸೆಯೂ ಸ್ವಲ್ಪ ಹಿರಿಯನ ಹಾಗೆಯೇ ಉಂಟು."

ಕ್ಷಣಕಾಲ ಅಣ್ಣನೂ ಯೋಚಿಸಿದ. ದೊಡ್ಡಮ್ಮ ಕಾಗದವನ್ನು ಮಡಚಿ ಸೆರಗಿನೊಳಗೆ ಹಿಡಿದರು.

"ಅವನನ್ನು ನಾನು ಗಲ್ಫಿಗೆ ಕಳಿಸುವುದಿಲ್ಲ. ಹೋಗುವವನು ತನ್ನ ಕಾಗದ ತರಲಿ."

ಬಸ್ಸಿಗೆ ಕಾದರೆ ಮುಗಿಯಿತು. ನೆರೆಮನೆಯವರ ಸ್ಕೂಟರ್ ಬೇಡಿ ತಂದೆವು. ಅಣ್ಣ ಓಡಿಸಿದ, ನಾನು ಹಿಂದೆ ಕುಳಿತು ದೇವರಿಗೂ ದನಗಳಿಗೂ ದಾರಿ ಬಿಡಿ ಎಂದು ಕೂಗಿದೆ. ಶಿರ್ವದ ತಿರುವಿನಲ್ಲಿ ಒಂದು ಕೋಳಿ ನನ್ನ ಮಡಿಲಿಗೆ ಬಂದು, ಯೋಚಿಸಿ, ಇಳಿದು ಹೋಯಿತು. ಇದಕ್ಕೆ ಸಾಕ್ಷಿ ಅಣ್ಣ ಮಾತ್ರ, ಅವನು ಅಲ್ಲಗಳೆಯುತ್ತಾನೆ.

ಫಾದರ್ ಮಧ್ಯಾಹ್ನದ ನಿದ್ದೆಯಿಂದ ಎದ್ದು ಬಂದರು. ನಾನು ತಲೆ ತಗ್ಗಿಸಿ ಚೀಟಿ ಚಾಚಿದೆ. ಅವರು ಚೀಟಿ ನೋಡಿದರು, ಪುಸ್ತಕದಲ್ಲಿ ಕೆಲವು ಹಾಳೆ ಮುಂದೆ ಮಗುಚಿದರು. ಅಲ್ಲಿತ್ತು: ಅದೇ ಹೆಸರು, ಅದೇ ತಂದೆ, ಅದೇ ತಾಯಿ.

"ಸತ್ತವರ ಪುಸ್ತಕ ಬೇರೆ ಮಗ. ನಾನು ಅದನ್ನು ನೋಡಬೇಕಿತ್ತು."

"ಇಲ್ಲ ಫಾದರ್. ನಾನು ಚೀಟಿ ನೋಡಬೇಕಿತ್ತು" ಎಂದೆ. ಆ ವರ್ಷ ನಾನು ಉತ್ಪ್ರೇಕ್ಷೆಯಿಲ್ಲದೆ ಆಡಿದ ಮಾತು ಬಹುಶಃ ಅದೊಂದೇ.

ಉಡುಪಿಗೆ ಬಂದಾಗ ಬೊಂಬಾಯಿ ಬಸ್ಸು ಹಾರ್ನ್ ಹಾಕುತ್ತಿತ್ತು. ಅಣ್ಣ ಸ್ಕೂಟರನ್ನು ನನ್ನ ಮೇಲೆ ಒರಗಿಸಿ ಓಡಿದ. ಏಜೆಂಟರು ಕಿಟಕಿಯಿಂದ ಕೈ ಚಾಚಿ ಕಾಗದ ತೆಗೆದುಕೊಂಡರು.

"ಎಂತ ನೀವು, ಪ್ರಾಣ ತಿನ್ನುತ್ತೀರಿ! ತಾರೀಕು ಸರಿ ಉಂಟಾ? ಆಮೇಲೆ ಬದಲಿಸಲಿಕ್ಕೆ ಆಗುವುದಿಲ್ಲ."

"ಸರಿ ಉಂಟು" ಎಂದ ಅಣ್ಣ, ಏದುಸಿರಿನಲ್ಲಿ. "ಅದು ನಾನೇ."

ಬಸ್ಸು ಹೊರಟಿತು. ಅಣ್ಣ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ನಗತೊಡಗಿದ, ನಿಲ್ಲಿಸಲೇ ಇಲ್ಲ. ನಾನೂ ನಕ್ಕೆ, ಕಡಲೆಕಾಯಿ ಮಾರುವವನೂ ಕಾರಣ ಕೇಳದೆ ನಕ್ಕ.

"ಇನ್ನು ನಿನ್ನನ್ನು ಹಿರಿಯ ಎನ್ನಬೇಕಾಗಿಲ್ಲ. ನೀನು ಎರಡನೆಯವ" ಎಂದೆ. ಅವನು ನನ್ನ ಕಿವಿ ಹಿಂಡಿದ. ಹಿಂಡಿದ ಕಿವಿಯನ್ನು ಬಿಡದೆಯೇ ಕೇಳಿದ:

"ಅವನ ಪುಟ ನಿನಗೆ ನೆನಪುಂಟಾ?"

ಮರುದಿನ ಭಾನುವಾರ. ದೊಡ್ಡಮ್ಮನನ್ನೂ ಕರೆದುಕೊಂಡು ಬೆಳಗಿನ ಪೂಜೆಗೆ ಅಜ್ಜನ ಊರಿನ ಇಗರ್ಜಿಗೇ ಹೋದೆವು. ಪೂಜೆ ಮುಗಿದು ಜನ ಚದುರಿದ ಮೇಲೆ ನಾವು ಮೂವರು ಕಚೇರಿಯ ಬಾಗಿಲಲ್ಲಿ ನಿಂತೆವು. ಫಾದರ್ ನನ್ನನ್ನು ನೋಡಿದವರೇ ಎರಡೂ ಕೈ ಮೇಲೆತ್ತಿದರು.

"ದೇವರೇ! ಈಗ ಇನ್ನು ಯಾರು ಹುಟ್ಟಿದ್ದು ಮಾರಾಯ?"

ನಾನು ಬಾಯಿ ತೆರೆಯುವ ಮೊದಲೇ ಕಾಪು ಅಣ್ಣ ಮುಂದೆ ಬಂದ.

"ನನ್ನ ಅಣ್ಣ, ಫಾದರ್" ಎಂದ. "ಸ್ವಲ್ಪ ನೋಡಿ ಹೋಗುವ ಎಂದು ಬಂದೆವು."